ಬಿಸಿಲಿನ ಪೆಟ್ಟಿಗೆ ಮೊದಲ ನೆರವು



2024ರ ಅಕ್ಟೋಬರ್ 6ರಂದು ಮರೀನಾದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಹೋದವರಲ್ಲಿ ಐವರು ತೀರಿಕೊಂಡರು. ಬಿಸಿಲಿಗೆ ಬಸವಳಿದು ಆಸ್ಪತ್ರೆ ಸೇರಿದವರು ಅನೇಕರು. ಅದು ಅಗ್ನಿನಕ್ಷತ್ರದ ಕಾಲವೂ ಅಲ್ಲ.

ಬಿಸಿಲಿನ ಪೆಟ್ಟು ಎರಡು ಬಗೆ. ಚರ್ಮ ಕೆಂಪಾಗಿ ಉರಿದರೆ ನೆರಳಿಗೆ ಬನ್ನಿ, ತಣ್ಣೀರಿನಲ್ಲಿ ಅದ್ದಿದ ಹತ್ತಿಬಟ್ಟೆ ಹಾಕಿ, ಆಗಾಗ ನೀರು ಕುಡಿಯಿರಿ. ಐಸ್, ಟೂತ್‌ಪೇಸ್ಟ್, ಬೆಣ್ಣೆ ಹಚ್ಚಬೇಡಿ. ಗುಳ್ಳೆ ಎದ್ದರೆ ಒಡೆಯಬೇಡಿ.

ಇನ್ನೊಂದು ಪ್ರಾಣಕ್ಕೆ ಎರವಾಗುವಂಥದ್ದು. ಬಿಸಿಲಿನಲ್ಲಿದ್ದವರ ಮೈ ಕಾದು, ಮಾತು ತೊದಲಿದರೆ, ಎಚ್ಚರ ತಪ್ಪಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ನಡುಹಗಲು ಹೊರಗೆ ಹೋಗಬೇಡಿ ಎಂದು ನಿಮಗೆ ಹೇಳಬಲ್ಲೆ. ತಳ್ಳುಗಾಡಿಯವರಿಗೆ, ಕಟ್ಟಡ ಕೆಲಸದವರಿಗೆ ಹೇಗೆ ಹೇಳಲಿ? ಆ ಬಿಸಿಲೇ ಅವರ ಅನ್ನ. ಅವರಿಗೆ ಟೋಪಿ, ಓಆರ್‌ಎಸ್ ಪೊಟ್ಟಣ, ಆಸ್ಪತ್ರೆ ಸೇರಿದರೆ ಔಷಧದ ಖರ್ಚು ನಮ್ಮ ವೈದ್ಯಕೀಯ ನೆರವು ನಿಧಿಯಿಂದ ಸಿಗಬೇಕು. ಅಗ್ನಿನಕ್ಷತ್ರ ಮೇ ಮೊದಲ ವಾರ ಶುರುವಾಗುತ್ತದೆ. ನಿಮ್ಮ ಕಾಣಿಕೆ ಅದಕ್ಕೂ ಮೊದಲೇ ತಲುಪಲಿ ಎಂದು ಕೇಳಿಕೊಳ್ಳುತ್ತೇನೆ.