ನೋವು ಮರುಕಳಿಸಿದಾಗ
(ತಿತಿಮತಿಯಲ್ಲಿ ನೀಡಿದ ಜುಮಾ ಪ್ರವಚನದ ಸಂಗ್ರಹ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅವನ ಕೃಪೆಯಿರಲಿ.



ಕರಿಮೆಣಸು ಕೊಯ್ಲಿನ ಕಾಲ ಬಂತೆಂದರೆ ನಮ್ಮ ಕಡೆ ಏಣಿಯಿಂದ ಬಿದ್ದವರ ಸುದ್ದಿಯೂ ಬರುತ್ತದೆ. ಬಿದ್ದ ದಿನ ನಾವೆಲ್ಲ ಓಡಿ ಹೋಗುತ್ತೇವೆ. ಜೀಪು ಮಾಡಿ ಗೋಣಿಕೊಪ್ಪಕ್ಕೋ ಮೈಸೂರಿಗೋ ಕರೆದೊಯ್ಯುತ್ತೇವೆ. ಆದರೆ ಪ್ಲಾಸ್ಟರ್ ಬಿಚ್ಚಿದ ನಂತರದ ತಿಂಗಳುಗಳಲ್ಲಿ ಆ ಮನುಷ್ಯ ಒಂಟಿಯಾಗುತ್ತಾನೆ.

ಒಂದು ದಿನ ನೋವು ಕಡಿಮೆಯಿರುತ್ತದೆ. "ಇನ್ನು ವಾಸಿಯಾಯಿತು" ಎಂದುಕೊಂಡು ತೋಟಕ್ಕೆ ಹೋಗುತ್ತಾನೆ, ಮೂಟೆ ಎತ್ತುತ್ತಾನೆ. ಮರುದಿನ ಏಳಲಾಗುವುದಿಲ್ಲ. ಮೂಳೆ ಮತ್ತೆ ಮುರಿಯಿತೇನೋ ಎಂಬ ಭಯ. ಮೂರು ದಿನ ಹಾಸಿಗೆ. ಕಾಲು ಮಡಚಿ ಕೂರಲಾಗದ ನಾಚಿಕೆಗೆ ಜುಮಾಕ್ಕೂ ಬರುವುದಿಲ್ಲ.

ಮೂಳೆ ಕೂಡಿಕೊಂಡ ಮೇಲೂ ಸ್ನಾಯು, ನರಗಳು ಮೊದಲಿನಂತಾಗಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ನರಗಳು ಸಣ್ಣ ಶ್ರಮಕ್ಕೂ ದೊಡ್ಡದಾಗಿ ಕೂಗಿಕೊಳ್ಳುತ್ತವೆ. ನೋವು ಹೆಚ್ಚಿತೆಂದ ಮಾತ್ರಕ್ಕೆ ಹೊಸ ಗಾಯವಾಗಿದೆ ಎಂದರ್ಥವಲ್ಲ. ಅಂಥ ದಿನ ಕೆಲಸ ಕಡಿಮೆ ಮಾಡಬೇಕು, ಪೂರ್ತಿ ಮಲಗಿಬಿಡಬಾರದು. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ಅವರನ್ನು ಕೇಳಿ ಅರ್ಧಕ್ಕೆ ಇಳಿಸಿಕೊಳ್ಳಬಹುದು. ನೋವಿಲ್ಲದ ದಿನವೂ ಮಿತಿ ಮೀರಬಾರದು. ಒಂದು ಗಂಟೆಯ ಕೆಲಸವನ್ನು ನಾಲ್ಕು ಪಾಲು ಮಾಡಿ, ನಡುನಡುವೆ ಕೂತು ಮಾಡಿದರೆ ಮರುದಿನ ಹಾಸಿಗೆ ಹಿಡಿಯುವ ಪಾಡು ತಪ್ಪೀತು.

ಪ್ರವಾದಿವರ್ಯರು(ಸ) ಒಮ್ಮೆ ಕುದುರೆಯಿಂದ ಬಿದ್ದರು. ಅವರ ಬಲಪಾರ್ಶ್ವಕ್ಕೆ ಗಾಯವಾಯಿತು. ನೋಡಲು ಬಂದ ಸಹಾಬಿಗಳ ಮುಂದೆ ಅವರು ಕುಳಿತೇ ನಮಾಝ್ ನಿರ್ವಹಿಸಿದರೆಂದು ಅನಸ್(ರ) ವರದಿ ಮಾಡಿದ್ದಾರೆ. ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ನಮಾಝ್ ಮಾಡುವಂತೆ ಅವರು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಕಲಿಸಿದರು. ಹಾಗಿರುವಾಗ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರಲು ನಾಚಿಕೆಯೇಕೆ? ಪ್ರವಾದಿಯವರೇ ಕುಳಿತು ತೋರಿಸಿದ ದಾರಿ ಅದು.

ಇನ್ನೊಂದು ಘಟನೆ ನಮ್ಮೆಲ್ಲರಿಗೂ ಎಚ್ಚರಿಕೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲಿನ ಏಟು ಬಿದ್ದಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಸಾಕೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರಿದೆ, ರಿಯಾಯಿತಿ ಇಲ್ಲ ಎಂದರು ಅವರು. ಆತ ಸ್ನಾನ ಮಾಡಿ ಮರಣ ಹೊಂದಿದರು. ಸುದ್ದಿ ತಿಳಿದ ಪ್ರವಾದಿಯವರು(ಸ) ಹಾಗೆ ಹೇಳಿದವರ ಮೇಲೆ ಕೋಪಗೊಂಡರು. ತಿಳಿಯದಿದ್ದರೆ ಕೇಳಬೇಕಿತ್ತು ಎಂದರು. ಅಬೂದಾವೂದ್‌ನಲ್ಲಿ ಈ ವರದಿಯಿದೆ.

"ಇನ್ನೂ ವಾಸಿಯಾಗಲಿಲ್ಲವೇ?" "ನಾಟಕ ಸಾಕು" ಎನ್ನುವ ನಮ್ಮ ನಾಲಗೆಯೂ ಇಂಥದ್ದೇ. ಮನೆಯ ಹೆಂಗಸರ ಸ್ಥಿತಿ ಇನ್ನೂ ಕಷ್ಟ. ಕೈ ಮುರಿದು ಕೂಡಿದ ಉಮ್ಮ ನೋವು ನುಂಗಿಕೊಂಡೇ ಕೊಡ ಎತ್ತುತ್ತಾರೆ. ಆ ಕೊಡವನ್ನು ನಾವು ಎತ್ತೋಣ.

ನೋವೆಂದು ಹೇಳುವುದು ಸಹನೆಗೆ ವಿರುದ್ಧವಲ್ಲ. ಅಯ್ಯೂಬ್(ಅ) ತಮ್ಮ ಸಂಕಟವನ್ನು ಅಲ್ಲಾಹನಲ್ಲಿ ತೋಡಿಕೊಂಡರು; ಅವರನ್ನೇ ಕುರ್‌ಆನ್ ಸಹನಶೀಲರೆಂದು ಹೊಗಳಿದೆ. ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲ ರೋಗಿಗೆ ಬರೆಯಲ್ಪಡುತ್ತದೆ ಎಂಬ ಶುಭವಾರ್ತೆಯೂ ಹದೀಸ್‌ನಲ್ಲಿದೆ.

ಚಿಕಿತ್ಸೆಯೂ ನಮ್ಮ ಹೊಣೆ. ವೈದ್ಯರನ್ನು ಕೇಳದೆ ದಿನಗಟ್ಟಲೆ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ. ಕೂಡದ ಮೂಳೆಯ ಮೇಲೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಬೇಡಿ. ಜ್ವರ, ಗಾಯದಲ್ಲಿ ಕೆಂಪು ಅಥವಾ ಕೀವು, ಹಠಾತ್ ಬಾವು, ಕಾಲು ಜೋಮು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಉಸಿರುಕಟ್ಟುವುದು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ರಮಝಾನ್‌ನಲ್ಲಿ ಉಪವಾಸದಿಂದ ಕಾಯಿಲೆ ಹೆಚ್ಚುವುದಾದರೆ ಬಿಟ್ಟು, ಗುಣವಾದ ಮೇಲೆ ತೀರಿಸಲು ಅಲ್ಲಾಹನೇ ಅನುಮತಿ ನೀಡಿದ್ದಾನೆ.

ಇಂದು ನಮಾಝ್ ಮುಗಿಸಿ ಹೊರಡುವಾಗ, ಕೆಲವು ವಾರಗಳಿಂದ ನಮ್ಮ ಸಾಲಿನಲ್ಲಿ ಕಾಣದವರು ಯಾರೆಂದು ನೆನೆಯೋಣ. ಸಂಜೆ ಅವರ ಮನೆಗೆ ಹೋಗಿ ಕೂರೋಣ. ಮುಂದಿನ ಶುಕ್ರವಾರ ಕರೆತರಲು ಗಾಡಿ ಕಳಿಸೋಣ.

ಅಲ್ಲಾಹನು ನಮ್ಮ ನಡುವಿನ ಗಾಯಾಳುಗಳಿಗೆ ಪೂರ್ಣ ಶಮನವನ್ನೂ, ನಮಗೆ ಅವರ ನೋವನ್ನು ಅರಿಯುವ ಹೃದಯವನ್ನೂ ಕರುಣಿಸಲಿ. ಆಮೀನ್.