ಕೆಲಸದ ಸ್ಥಳದಲ್ಲಿ ವಿದ್ಯುತ್ ವಾಹನಗಳ ಚಾರ್ಜಿಂಗ್

(ಪುಣೆಯ ಬಿಬವೇವಾಡಿಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಭಾಷಣದ ಪಠ್ಯ)



ಬೆಳಿಗ್ಗೆ ಹತ್ತು ಗಂಟೆಯ ನಂತರ ಬಿಬವೇವಾಡಿಯ ಯಾವುದೇ ಕಚೇರಿ, ಕಾಲೇಜು ಅಥವಾ ಆಸ್ಪತ್ರೆಯ ಆವರಣವನ್ನು ಗಮನಿಸಿರಿ. ಸಾಲಾಗಿ ನಿಂತ ನೌಕರರ ದ್ವಿಚಕ್ರ ವಾಹನಗಳು ಸಂಜೆಯವರೆಗೂ ಕದಲುವುದಿಲ್ಲ. ಪೆಟ್ರೋಲ್ ವಾಹನಕ್ಕೆ ಈ ಎಂಟು ಗಂಟೆಗಳಿಂದ ಯಾವ ಪ್ರಯೋಜನವೂ ಇಲ್ಲ. ಬ್ಯಾಟರಿ ವಾಹನಕ್ಕಾದರೋ ಮರುದಿನಕ್ಕೆ ಬೇಕಾದ ಶಕ್ತಿಯನ್ನು ತುಂಬಿಕೊಳ್ಳಲು ಇದೇ ಸುಸಮಯ.

ವಿದ್ಯುತ್ ವಾಹನ ಪುಣೆಗೆ ಹೊಸದಲ್ಲ. 2020ರ ಜನವರಿಯಲ್ಲಿ ವಿದ್ಯುತ್ ಚೇತಕ್ ಸ್ಕೂಟರು ಮೊದಲು ಮಾರಾಟಕ್ಕೆ ಬಂದದ್ದು ಪುಣೆ ಮತ್ತು ಬೆಂಗಳೂರುಗಳಲ್ಲಿ. ಅದಕ್ಕೂ ಬಹಳ ಹಿಂದೆ, 2001ರಲ್ಲಿಯೇ ಬೆಂಗಳೂರಿನಲ್ಲಿ ರೇವಾ ಕಾರು ಬಂದಿತ್ತು. ಮನೆಯ 15 ಆಂಪಿಯರ್ ಸಾಕೆಟ್ಟೇ ಅದಕ್ಕೆ ಸಾಕಾಗಿತ್ತು.

ಆದರೆ ಆ ಸಾಕೆಟ್ಟು ಎಲ್ಲರಿಗೂ ಇದೆಯೇ? ಸ್ವಂತ ಮನೆ, ಸ್ವಂತ ವಾಹನ ನಿಲುಗಡೆ ಉಳ್ಳವರಿಗೆ ಚಿಂತೆಯಿಲ್ಲ. ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದು ಇಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ ವಾಸಿಸುವವರು ಏನು ಮಾಡಬೇಕು? ಕಿಟಕಿಯಿಂದ ತಂತಿ ಇಳಿಬಿಡುವುದು ಪ್ರಾಣಾಪಾಯಕರ. ಇಂಧನದ ವೆಚ್ಚವನ್ನು ಉಳಿಸುವ ಅಗತ್ಯ ಹೆಚ್ಚಾಗಿರುವುದು ಇಂಥವರಿಗೇ. ಅವರ ಪಾಲಿಗೆ ಕೆಲಸದ ಸ್ಥಳದ ಸಾಕೆಟ್ಟು ಕೇವಲ ಸೌಕರ್ಯವಲ್ಲ. ವಿದ್ಯುತ್ ವಾಹನವನ್ನು ಕೊಳ್ಳಬಹುದೇ ಇಲ್ಲವೇ ಎಂಬುದನ್ನು ಅದೇ ನಿರ್ಧರಿಸುತ್ತದೆ.

ಇದಕ್ಕೆ ದೊಡ್ಡ ಯಂತ್ರಗಳು ಬೇಕೆಂಬ ಭಾವನೆ ಸರಿಯಲ್ಲ. ದಿನಕ್ಕೆ 50 ಕಿಲೋಮೀಟರ್ ಓಡುವ ಸ್ಕೂಟರಿಗೆ ಸುಮಾರು ಒಂದೂವರೆಯಿಂದ ಎರಡು ಯೂನಿಟ್ ವಿದ್ಯುತ್ ಸಾಕು. ಸಾಮಾನ್ಯ ಚಾರ್ಜರಿನಿಂದ ಇದು ಮೂರು ಗಂಟೆಗಳ ಆಸುಪಾಸಿನಲ್ಲಿ ತುಂಬುತ್ತದೆ. ಊಟದ ವಿರಾಮದಲ್ಲಿ ಸರದಿ ಬದಲಿಸಿದರೆ ಒಂದೇ ಸಾಕೆಟ್ಟಿನಿಂದ ಇಬ್ಬರ ಕೆಲಸ ಆಗುತ್ತದೆ.

ಕಾನೂನಿನ ತೊಡಕಿದೆಯೇ ಎಂದು ಕೆಲವು ವ್ಯವಸ್ಥಾಪಕರು ಕೇಳುವುದುಂಟು. ವಾಹನ ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದು ವಿದ್ಯುತ್ತಿನ ಮಾರಾಟವಲ್ಲ, ಆದ್ದರಿಂದ 2003ರ ವಿದ್ಯುಚ್ಛಕ್ತಿ ಅಧಿನಿಯಮದಡಿ ಪರವಾನಗಿ ಬೇಕಿಲ್ಲವೆಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿಯೇ ಸ್ಪಷ್ಟಪಡಿಸಿದೆ. ಮನೆ ಮತ್ತು ಕಚೇರಿಗಳಲ್ಲಿ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದೆಂದು 2022ರ ಜನವರಿಯ ಮಾರ್ಗಸೂಚಿ ತಿಳಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಲಾದ ಹೊಸ ಮಾರ್ಗಸೂಚಿಯೂ ಕಚೇರಿಗಳನ್ನು ಒಳಗೊಂಡಿದೆ.

ಹಗಲಿನ ಚಾರ್ಜಿಂಗ್‌ನಿಂದ ದೇಶಕ್ಕೂ ಲಾಭವಿದೆ. ಸೌರ ವಿದ್ಯುತ್ತು ಹೇರಳವಾಗಿ ದೊರೆಯುವುದು ಹಗಲಿನಲ್ಲಿ. ಬೇಡಿಕೆ ಏರುವುದು ಸಂಜೆಯಲ್ಲಿ. ಎಲ್ಲರೂ ಮನೆಗೆ ಮರಳಿದೊಡನೆ ಪ್ಲಗ್ ಹಾಕಿದರೆ ಆ ಹೊರೆ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದಲೇ 2023ರಲ್ಲಿ ತಿದ್ದುಪಡಿಯಾದ ಗ್ರಾಹಕ ಹಕ್ಕುಗಳ ನಿಯಮಗಳು ಸೌರ ಅವಧಿಯಲ್ಲಿ ಕಡಿಮೆ ದರವನ್ನೂ ಗರಿಷ್ಠ ಬೇಡಿಕೆಯ ಅವಧಿಯಲ್ಲಿ ಹೆಚ್ಚಿನ ದರವನ್ನೂ ವಿಧಿಸಲು ಅವಕಾಶ ಕಲ್ಪಿಸಿವೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. 2022ರಲ್ಲಿ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಹೊತ್ತಿಕೊಂಡ ಬಳಿಕ, ಅದೇ ಡಿಸೆಂಬರ್‌ನಿಂದ ಬ್ಯಾಟರಿಗಳ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಲಾಯಿತು. ಬಳಕೆದಾರರೂ ಈ ಅಂಶಗಳನ್ನು ಪಾಲಿಸುವುದು ಅವಶ್ಯ:

1. ಪ್ರತ್ಯೇಕ ತಂತಿ ಎಳೆಸಿ, ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಸಾಕೆಟ್ಟು ಹಾಕಿಸಬೇಕು.

2. ಸರಿಯಾದ ಅರ್ಥಿಂಗ್, ಎಂ.ಸಿ.ಬಿ. ಮತ್ತು ವಿದ್ಯುತ್ ಸೋರಿಕೆಯಾದಾಗ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಇರಬೇಕು.

3. ತಯಾರಕರು ನೀಡಿದ ಚಾರ್ಜರನ್ನೇ ಬಳಸಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬಳಸಬಾರದು.

4. ಗಾಳಿಯಾಡುವ, ಮಳೆ ನೀರು ಬೀಳದ ಜಾಗವಿರಬೇಕು; ಮೆಟ್ಟಿಲ ಕೆಳಗೆ ಅಥವಾ ಹೊರಹೋಗುವ ದಾರಿಯಲ್ಲಿ ಚಾರ್ಜ್ ಮಾಡಬಾರದು.

ವಿದ್ಯುತ್ತಿನ ಹಣ ಯಾರು ಕೊಡಬೇಕೆಂಬ ಪ್ರಶ್ನೆಯಿಂದಲೇ ಅನೇಕ ಕಡೆ ಮಾತು ಮುರಿದುಬೀಳುತ್ತದೆ. ಉಪಮೀಟರ್ ಅಳವಡಿಸಿ, ಬಳಸಿದ ಯೂನಿಟ್ಟುಗಳ ಹಣವನ್ನು ಬಳಸಿದವರೇ ಕೊಡುವಂತಾದರೆ ಸಂಸ್ಥೆಗೆ ಹೊರೆಯಿಲ್ಲ, ಸಹೋದ್ಯೋಗಿಗಳಿಗೆ ಅಸಮಾಧಾನವೂ ಇಲ್ಲ. ಅನುಮತಿಯಿಲ್ಲದೆ ಕದ್ದು ಪ್ಲಗ್ ಹಾಕುವುದಕ್ಕಿಂತ ನಾಲ್ವರು ಸೇರಿ ಲಿಖಿತ ಮನವಿ ಸಲ್ಲಿಸುವುದು ಗೌರವದ ದಾರಿ.

ನಿಮ್ಮ ಕೆಲಸದ ಸ್ಥಳದಲ್ಲಿ ಮೊದಲು ಎರಡು ಸಾಕೆಟ್ಟುಗಳನ್ನು ಕೇಳಿರಿ. ನೂರು ಬೇಕೆಂದು ಕಾಯುತ್ತ ಕೂರುವುದಕ್ಕಿಂತ ಎರಡರಿಂದ ಆರಂಭಿಸುವುದು ಲೇಸು. ನಿಮ್ಮಲ್ಲಿ ಅಂಗಡಿ, ಕಾರ್ಖಾನೆಗಳ ಮಾಲೀಕರಿದ್ದರೆ, ನಿಮ್ಮ ನೌಕರರು ಕೇಳುವ ಮೊದಲೇ ಈ ವ್ಯವಸ್ಥೆಯನ್ನು ಮಾಡಿಕೊಡಿರೆಂದು ವಿನಂತಿಸುತ್ತೇನೆ.