ಸುದ್ದಿಗೂ ತೂಕದ ಚೀಟಿ ಕೇಳಿ
(ಭಾರತೀನಗರದಲ್ಲಿ ಆಡಿದ ಮಾತುಗಳ ಬರಹರೂಪ)



ಈ ಊರಿನ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆದವರು ಮೊದಲು ಕೇಳುವುದು ತೂಕದ ಚೀಟಿ. ಕಾರ್ಖಾನೆಯವರು ಒಳ್ಳೆಯವರೋ ಕೆಟ್ಟವರೋ ಅನ್ನೋದು ಆಮೇಲಿನ ಮಾತು. ಆದರೆ ಅದೇ ನಾವು ಹೋಟ್ಲಲ್ಲಿ ಕೂತು ಪೇಪರ್ ಬಿಡಿಸಿದಾಗ ಚೀಟಿ ಕೇಳುವುದಿಲ್ಲ. ನಮ್ಮ ಪಕ್ಷದ ಪರ ಬರೆದರೆ ಸತ್ಯ, ಎದುರು ಬರೆದರೆ ದುಡ್ಡು ತಿಂದವ್ನೆ. ಮುಗೀತು.

2019ರ ಮಂಡ್ಯ ಲೋಕಸಭಾ ಚುನಾವಣೆ ನೆನಪು ಮಾಡಿಕೊಳ್ಳಿ. ಒಂದು ಕಡೆ ಮುಖ್ಯಮಂತ್ರಿಯ ಮಗ ನಿಖಿಲ್, ಇನ್ನೊಂದು ಕಡೆ ಪಕ್ಷೇತರರಾಗಿ ಸುಮಲತಾ, ಅವರಿಗೆ ಬಿಜೆಪಿ ಬೆಂಬಲ. ಟಿ.ವಿ.ಯಲ್ಲಿ ಹಗಲೂ ರಾತ್ರಿ ದರ್ಶನ್, ಯಶ್ ಜೋಡೆತ್ತಿನ ಮಾತು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇಕಡ 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆಜ್ಞೆ ಇದೆ. ಇದಕ್ಕೇನು ಮಾಡ್ತೀರಿ ಅಂತ ಇಬ್ಬರನ್ನೂ ಕೂರಿಸಿ ಕೇಳುವ ಕಾರ್ಯಕ್ರಮಕ್ಕೆ ಆ ಗದ್ದಲದಲ್ಲಿ ಜಾಗವೆಲ್ಲಿ? ಕಸ್ತೂರಿ ವಾಹಿನಿಯನ್ನು 2007ರಲ್ಲಿ ಶುರು ಮಾಡಿದ್ದು ಕುಮಾರಸ್ವಾಮಿಯವರ ಕುಟುಂಬ. ಸುವರ್ಣ ನ್ಯೂಸ್ ಹಿಂದೆ ಇದ್ದ ಬಂಡವಾಳ ಬಿಜೆಪಿಯ ರಾಜೀವ್ ಚಂದ್ರಶೇಖರ್ ಅವರದು. ಇದು ನೋಡುವವನಿಗೆ ಗೊತ್ತಿರಬೇಕಾದ ಸಂಗತಿ.

ಸುಮಲತಾ 1,25,876 ಮತಗಳಿಂದ ಗೆದ್ದರು. ಸೋಲಿನ ನಂತರ ದೇವೇಗೌಡರ ಕುಟುಂಬದೊಳಗೆ ಮಾತಿಗೆ ಮಾತು ಬೆಳೆಯಿತು ಅಂತ 'ವಿಶ್ವವಾಣಿ' ಬರೆಯಿತು. ಪಕ್ಷದವರು ಸುಳ್ಳು ಅಂದರು. ಅನ್ನಲಿ, ಅದು ಅವರ ಹಕ್ಕು. ಆದರೆ ಹೋಗಿದ್ದು ಪೊಲೀಸ್ ಠಾಣೆಗೆ; ಸಂಪಾದಕ ವಿಶ್ವೇಶ್ವರ ಭಟ್ಟರ ಮೇಲೆ ಎಫ್‌ಐಆರ್ ಆಯಿತು. ಮುಖ್ಯಮಂತ್ರಿಯ ಮನೆಯ ಸುದ್ದಿಗೆ ಅವರದೇ ಸರ್ಕಾರದ ಪೊಲೀಸರು ನ್ಯಾಯ ಹೇಳಬೇಕೆ? ಹಾಗಂತ ಪತ್ರಿಕೆಯವರೂ ಪಾರಾಗುವುದಿಲ್ಲ. ನಾಲ್ಕು ಗೋಡೆಯೊಳಗಿನ ಮಾತು ಬರೆದವರು, ಎದುರು ಪಕ್ಷದ ಉತ್ತರವನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕು.

ಪತ್ರಿಕೆಗೆ ಪಕ್ಷವೇ ಇರಬಾರದು ಅನ್ನುವವನಲ್ಲ ನಾನು. ಈ ಮಾಸಿಕ ರೈತನ ಪಕ್ಷ, ಮುಚ್ಚುಮರೆ ಇಲ್ಲ. ಆದರೆ ಸಾಲದ ಲೆಕ್ಕ ತಪ್ಪು ಬರೆದರೆ ನಮ್ಮನ್ನೂ ಕೊರಳಪಟ್ಟಿ ಹಿಡಿದು ಕೇಳಿ. ಪಕ್ಷ ಬಚ್ಚಿಟ್ಟು ಜಾಹೀರಾತನ್ನು ಸುದ್ದಿ ಅಂತ ಮಾರುವುದೇ ಮೋಸ. 2010ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ಈ ಕಾಸಿನ ಸುದ್ದಿಯ ಬಗ್ಗೆ ಹೆಸರು ಸಮೇತ ವರದಿ ಕೊಟ್ಟಿತು. ಮಂಡಳಿ ಪೂರ್ತಿ ವರದಿ ಹೊರಗೆ ಬಿಡಲಿಲ್ಲ, ಮಾಹಿತಿ ಆಯೋಗ ಹೇಳಿದ ಮೇಲೆ 2011ರಲ್ಲಿ ಬಿಟ್ಟಿತು. ಕಾವಲುಗಾರನ ಕಥೆ ಹೀಗೆ! ಮಂಡಳಿಗೆ ಎಚ್ಚರಿಸುವ, ಛೀಮಾರಿ ಹಾಕುವ ಅಧಿಕಾರ ಉಂಟು, ದಂಡ ಹಾಕುವಂತಿಲ್ಲ. ಟಿ.ವಿ.ಯಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ.

ಇರೋ ದಾರಿಯನ್ನಾದರೂ ಬಳಸಿ. ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಸಂಪಾದಕ, ಪ್ರಕಾಶಕ, ಮುದ್ರಕರ ಹೆಸರಿರುತ್ತದೆ, ಹುಡುಕಿ. ತಪ್ಪು ಕಂಡರೆ ಮೊದಲು ಸಂಪಾದಕರಿಗೆ ಬರೆಯಿರಿ. ಸರಿಪಡಿಸದಿದ್ದರೆ ದೆಹಲಿಯ ಮಂಡಳಿಗೆ ದೂರು ಕೊಡಿ. ದಿನಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ಹೋಗಬೇಕು. ಕತ್ತರಿಸಿದ ಸುದ್ದಿ, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ನಕಲು, ಮೂರೂ ಜೊತೆಗಿರಲಿ.